ಕಾರ್ಡಿನ ಉದ್ರಿಗೂ ಲೆಕ್ಕ ಇರಲಿ

ಬೇವೂರಿನಿಂದ ಬೆಂಗಳೂರು, ಪುಣೆ, ಹುಬ್ಬಳ್ಳಿ ಅಂತ ನೌಕರಿಗೆ ಹೋದ ಮಕ್ಕಳೇ, ಊರಲ್ಲೇ ಇದ್ದು ಶಾಲೆ, ಆಫೀಸು, ಅಂಗಡಿಗಳಲ್ಲಿ ದುಡಿಯುತ್ತಿರುವ ತಂಗಿಯರೇ, ಈ ಮಾತು ನಿಮಗೆ. ಪಗಾರ ಕೈಗೆ ಬರುವುದೇ ತಡ, ಫೋನು ಬರುತ್ತದೆ: 'ನಿಮಗೆ ಕ್ರೆಡಿಟ್ ಕಾರ್ಡ್ ಮಂಜೂರಾಗಿದೆ, ವರ್ಷದ ಶುಲ್ಕ ಇಲ್ಲ.' ನೀವು ಹೂಂ ಅಂದುಬಿಡುತ್ತೀರಿ. ಹೂಂ ಅಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ರೈಲಿನ ಟಿಕೆಟ್ಟಿಗೆ, ಆಸ್ಪತ್ರೆಯ ಅವಸರಕ್ಕೆ ಅದು ಒದಗಿಬರುತ್ತದೆ. ಸರಿಯಾಗಿ ಬಳಸಿದರೆ ಇಪ್ಪತ್ತರಿಂದ ಐವತ್ತು ದಿನ ಬಡ್ಡಿಯಿಲ್ಲದೆ ಬ್ಯಾಂಕಿನ ಹಣ ನಿಮ್ಮ ಕೈಯಲ್ಲಿರುತ್ತದೆ. ಆದರೆ ನಿಮ್ಮಲ್ಲಿ ಬಹಳ ಮಂದಿ ಅದನ್ನು ಪಗಾರದ ಮೇಲೆ ಸಿಕ್ಕ ಇನ್ನೊಂದು ಪಗಾರ ಅಂದುಕೊಂಡಿದ್ದೀರಿ. ನನ್ನ ತಕರಾರು ಇರುವುದು ಅಲ್ಲಿ.

ಅದು ಪಗಾರ ಅಲ್ಲ, ಉದ್ರಿ. ನಮ್ಮ ಕಡೆ ಕಿರಾಣಿ ಅಂಗಡಿಯ ಗೋಡೆಯ ಮೇಲೆ 'ಇಂದು ನಗದು, ನಾಳೆ ಉದ್ರಿ' ಅಂತ ಬರೆದಿರುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಹಾಗೆ ಬರೆದರೂ ಅಂಗಡಿಯವರು ಗುರುತಿದ್ದವರಿಗೆ ಉದ್ರಿ ಕೊಡುತ್ತಿದ್ದರು. ಆದರೆ ಅವರಿಗೆ ನಿಮ್ಮ ಮನೆಯ ಹೊಲ ಎಷ್ಟು, ಈ ವರ್ಷ ಮಳೆ ಹೇಗಾಯಿತು, ಉಳ್ಳಾಗಡ್ಡಿಗೆ ಏನು ಧಾರಣೆ ಬಂತು, ಎಲ್ಲವೂ ಗೊತ್ತಿತ್ತು. ಬಾಕಿ ಜಾಸ್ತಿಯಾದರೆ 'ಹಿಂದಿಂದು ಮುಟ್ಟಿಸಿ, ಆಮೇಲೆ ಸಕ್ಕರಿ ಒಯ್ಯಿರಿ' ಅಂತ ಮುಖದ ಮೇಲೆ ಹೇಳುತ್ತಿದ್ದರು. ಕಾರ್ಡು ಹಾಗೆ ಹೇಳುವುದಿಲ್ಲ. ನೀವು ಹೆಚ್ಚು ಖರ್ಚು ಮಾಡಿದಷ್ಟೂ 'ನಿಮ್ಮ ಮಿತಿ ಹೆಚ್ಚಿಸಬೇಕೆ?' ಅಂತ ಕೇಳುತ್ತದೆ. ತಡೆಯುವವರು ಯಾರೂ ಇಲ್ಲದ ಉದ್ರಿ ಇದು. ತಡೆಯುವ ಕೆಲಸ ನಿಮ್ಮದೇ.

ಬಡ್ಡಿಯ ವಿಷಯಕ್ಕೆ ಬರೋಣ. ಕಾರ್ಡಿನ ಕಾಗದದಲ್ಲಿ 'ತಿಂಗಳಿಗೆ ಶೇಕಡಾ 3.5' ಅಂತ ಸಣ್ಣ ಅಕ್ಷರದಲ್ಲಿರುತ್ತದೆ. ಕೆಲವು ಕಾರ್ಡುಗಳಿಗೆ ಸ್ವಲ್ಪ ಕಡಿಮೆ, ಕೆಲವಕ್ಕೆ 3.75 ಇದೆ. ನೀವು ಮೂರೂವರೆ ಅಂತ ಓದಿ ಸುಮ್ಮನಾಗುತ್ತೀರಿ. ಅದನ್ನು ಊರಿನ ಲೆಕ್ಕಕ್ಕೆ ತನ್ನಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ತೆಗೆದುಕೊಳ್ಳುವವರನ್ನು ನಾವು ಕಟ್ಟೆಯ ಮೇಲೆ ಕೂತು ಏನೇನು ಅನ್ನುತ್ತೇವೆ? ಕಾರ್ಡಿನದು ನೂರಕ್ಕೆ ಮೂರೂವರೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಎರಡೂ ಕೂಡಿದರೆ ನೂರಕ್ಕೆ ನಾಲ್ಕು ದಾಟುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ ಐವತ್ತು. ಇಂಥ ಬಡ್ಡಿಯ ಕಾಟ ತಪ್ಪಿಸಲೆಂದೇ ನಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಹಿರಿಯರು ಅಷ್ಟು ಕಷ್ಟಪಟ್ಟು ಬಿಡಿಸಿಕೊಂಡದ್ದನ್ನು ನೀವು ಒಂದು ಸಹಿ ಹಾಕಿ ಮತ್ತೆ ಮನೆಗೆ ಕರೆದುಕೊಂಡು ಬರಬೇಡಿ.

ಇನ್ನೊಂದು ಮಾತು. ನಿಮ್ಮ ಅಪ್ಪನ ಹತ್ತಿರವೂ ಒಂದು ಕ್ರೆಡಿಟ್ ಕಾರ್ಡ್ ಇದ್ದೀತು, ಕಿಸಾನ್ ಕ್ರೆಡಿಟ್ ಕಾರ್ಡ್. 1998ರಲ್ಲಿ ಬಂದ ಯೋಜನೆ ಅದು. ವರ್ಷಕ್ಕೆ ಶೇಕಡಾ 7 ಬಡ್ಡಿ, ಹೇಳಿದ ವೇಳೆಗೆ ತೀರಿಸಿದರೆ ಶೇಕಡಾ 4ಕ್ಕೆ ಇಳಿಯುತ್ತದೆ. ಸಹಕಾರ ಸಂಘದ ಬೆಳೆ ಸಾಲಕ್ಕಂತೂ ನಮ್ಮ ರಾಜ್ಯದಲ್ಲಿ ಒಂದು ಮಿತಿಯವರೆಗೆ ಬಡ್ಡಿಯೇ ಇಲ್ಲ. ಹೆಸರಿನಲ್ಲಿ ಎರಡೂ ಕ್ರೆಡಿಟ್ ಕಾರ್ಡೇ. ಅಪ್ಪ ಬಿಳಿಜೋಳ, ಕಡಲೆ ಬಿತ್ತಲು ವರ್ಷಕ್ಕೆ ನಾಲ್ಕರ ಬಡ್ಡಿಯಲ್ಲಿ ಹಣ ತರುತ್ತಾರೆ, ಮಗ ಬೂಟು ಕೊಳ್ಳಲು ತಿಂಗಳಿಗೆ ನಾಲ್ಕರ ಬಡ್ಡಿ ಕಟ್ಟುತ್ತಾನೆ. ಇದನ್ನು ಒಮ್ಮೆ ಸಮಾಧಾನದಿಂದ ಯೋಚಿಸಿ.

ಈಗ ನಿಮ್ಮ ತಿಂಗಳ ಬಿಲ್ಲು ತೆಗೆಯಿರಿ. ಅಲ್ಲಿ ಎರಡು ಅಂಕಿ ಅಕ್ಕಪಕ್ಕದಲ್ಲಿರುತ್ತವೆ. ಒಂದು ಒಟ್ಟು ಬಾಕಿ, ಇನ್ನೊಂದು ಕನಿಷ್ಠ ಬಾಕಿ, ಅಂದರೆ ನೀವೆಲ್ಲ ಮಿನಿಮಮ್ ಡ್ಯೂ ಅನ್ನುವುದು. ಒಟ್ಟು 40,000 ರೂಪಾಯಿ ಇದ್ದರೆ ಕನಿಷ್ಠ ಬಾಕಿ ಸಾಮಾನ್ಯವಾಗಿ ಅದರ ಶೇಕಡಾ 5, ಅಂದರೆ 2,000. 'ಅಬ್ಬಾ, ಎರಡು ಸಾವಿರದಲ್ಲಿ ಮುಗಿಯಿತು' ಅಂತ ಉಸಿರು ಬಿಡುತ್ತೀರಿ. ಮುಗಿಯಲಿಲ್ಲ. 40,000ಕ್ಕೆ ಮೂರೂವರೆಯಂತೆ ತಿಂಗಳ ಬಡ್ಡಿ 1,400. ಅದಕ್ಕೆ ಜಿಎಸ್‌ಟಿ 252. ಎರಡೂ ಸೇರಿ 1,652. ನೀವು ಕಟ್ಟಿದ ಎರಡು ಸಾವಿರದಲ್ಲಿ ಅಸಲಿಗೆ ಜಮೆಯಾದದ್ದು ಸುಮಾರು 350 ರೂಪಾಯಿ ಮಾತ್ರ! ಈ ಲೆಕ್ಕದಲ್ಲಿ ಹೊರಟರೆ ಆ 40,000 ಎಂದು ತೀರೀತು? ಹೀಗೆ ಕಟ್ಟಿದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕಾಗುತ್ತದೆ ಅಂತ ಬಿಲ್ಲಿನಲ್ಲೇ ಎಚ್ಚರಿಕೆ ಬರೆಯಬೇಕೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಿದೆ. ಬರೆದೂ ಇರುತ್ತಾರೆ, ನೀವು ಓದುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪೂರ್ತಿ ಬಾಕಿ ತೀರಿಸದಿದ್ದರೆ ಆಮೇಲೆ ಕೊಂಡ ಹೊಸ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಆದ್ದರಿಂದ ಪೂರ್ತಿ ಕಟ್ಟಿ, ಕಡೆಯ ದಿನಕ್ಕೆ ಮೊದಲೇ ಕಟ್ಟಿ. ಮರೆವು ಇರುವವರು ಬ್ಯಾಂಕಿಗೆ ಹೇಳಿ ಖಾತೆಯಿಂದ ತಾನಾಗಿ ಕಡಿತವಾಗುವ ಹಾಗೆ ಮಾಡಿಕೊಳ್ಳಿ. ಅಲ್ಲಿ 'ಒಟ್ಟು ಬಾಕಿ' ಅಂತ ಆರಿಸಿದ್ದೀರೋ 'ಕನಿಷ್ಠ ಬಾಕಿ' ಅಂತ ಆರಿಸಿದ್ದೀರೋ, ಎರಡು ಸಲ ನೋಡಿ.

ಬಡ್ಡಿ ಇಷ್ಟಾದರೆ ಕೋರ್ಟು ಕೇಳುವುದಿಲ್ಲವೇ ಅಂತ ನೀವು ಕೇಳಬಹುದು. ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಹೀಗಾಗಿ ಆ ಮೂವತ್ತರ ಮಿತಿಯನ್ನು ನಂಬಿಕೊಂಡು ಕೂರುವ ಹಾಗಿಲ್ಲ. ನಮ್ಮ ಕೈ ನಾವೇ ಹಿಡಿಯಬೇಕು.

ಕೈ ಹಿಡಿಯುವುದು ಅಂದೆ. ಕಷ್ಟ ಅದೇ, ನನಗೂ ಗೊತ್ತು. ಹಿಂದೆ ಬನಶಂಕರಿ ಜಾತ್ರೆಗೆ ಹೋಗುವಾಗ ಮನೆಯ ಹಿರಿಯರು ಸೆರಗಿನ ಗಂಟಿನಲ್ಲಿ ಇಷ್ಟು ಅಂತ ಕಟ್ಟಿಕೊಂಡು ಹೋಗುತ್ತಿದ್ದರು. ಬಳೆ, ಬೆಂಡು ಬತ್ತಾಸು, ರಾತ್ರಿಗೆ ನಾಟಕದ ಟಿಕೆಟ್ಟು. ಗಂಟು ಖಾಲಿಯಾದರೆ ಜಾತ್ರೆಯೂ ಮುಗಿಯಿತು. ಈಗ ಫೋನಿನಲ್ಲಿ ದಿನಾ ಜಾತ್ರೆ, ಗಂಟಿಗೆ ತಳವೇ ಕಾಣುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿಕೊಂಡು ಬೆರಳಾಡಿಸುತ್ತೀರಿ. 'ಇನ್ನು ಎರಡೇ ಗಂಟೆ, ಅರ್ಧ ಬೆಲೆ' ಅಂತ ಗಡಿಯಾರ ಓಡುತ್ತಿರುತ್ತದೆ. ಕಾರ್ಡಿನ ವಿವರ ಮೊದಲೇ ಅದರಲ್ಲಿ ಕೂತಿದೆ. ಎದ್ದು ಪರ್ಸು ಹುಡುಕುವ ಕಷ್ಟವೂ ಇಲ್ಲ. ಅಗ್ಗ ಸಿಕ್ಕಿತು ಅಂತ ಮುಗ್ಗಲು ಜೋಳ ತಂದರಂತೆ, ಹಾಗಾಗುತ್ತದೆ.

ಮೊನ್ನೆ ಒಬ್ಬ ಹುಡುಗಿ ಫೋನಿನಲ್ಲಿ ಇಳಕಲ್ ಸೀರೆ ತರಿಸಿದ್ದಳು, ಅದೂ ಕಂತಿನ ಮೇಲೆ. ಬಸ್ಸು ಹತ್ತಿದರೆ ಇಳಕಲ್ಲು ನಮಗೇನು ದೂರ? ಅಂಗಡಿಯಲ್ಲಿ ಕೂತು ಸೀರೆ ಬಿಡಿಸಿ, ಒಡಲಿನ ಹಾಸು ಮತ್ತು ಸೆರಗಿನ ಹಾಸು ಕೊಂಡಿ ಹಾಕಿ ಕೂಡಿದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಬಹುದು. ತೋಪು ತೆನೆಯ ಸೆರಗನ್ನು ಬೆಳಕಿಗೆ ಹಿಡಿದು ಕೈಮಗ್ಗದ್ದೋ ಪವರ್‌ಲೂಮಿನದ್ದೋ ಅಂತ ಕೇಳಿ ತಿಳಿಯಬಹುದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಸೀರೆ ಅದು. ನೇಕಾರರ ಕೈಗೂ ನಾಲ್ಕು ಕಾಸು ಸೇರುತ್ತದೆ. ಫೋನಿನ ಚಿತ್ರದಲ್ಲಿ ಕೊಂಡಿ ಕಾಣುತ್ತದೆಯೇ? ಆಕೆಗೆ ಬಂದದ್ದು ಬರೀ ಅಂಚು ಇಳಕಲ್ಲಿನ ಹಾಗೆ ಕಾಣುವ ನಯ ಬಟ್ಟೆ. ಒಮ್ಮೆ ಉಟ್ಟು ಟ್ರಂಕಿಗೆ ಹಾಕಿದಳು. ಕಂತು ಮಾತ್ರ ಇನ್ನೂ ನಡೆದಿದೆ.

ಆ ಕಂತಿನ ಹೆಸರು 'ನೋ ಕಾಸ್ಟ್ ಇಎಂಐ'. ಅದನ್ನು ಪೂರ್ತಿ ನಂಬಬೇಡಿ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿ ಎಲ್ಲೋ ಒಂದು ಕಡೆ ಕೂತಿರುತ್ತದೆ: ಬೆಲೆಯಲ್ಲಿ, ಬಿಟ್ಟುಕೊಟ್ಟ ರಿಯಾಯಿತಿಯಲ್ಲಿ, ಪ್ರೊಸೆಸಿಂಗ್ ಶುಲ್ಕದಲ್ಲಿ. ಕೊಳ್ಳುವ ಮೊದಲು ರೊಕ್ಕ ಕೊಟ್ಟರೆ ಎಷ್ಟು, ಕಂತಿನಲ್ಲಿ ಎಲ್ಲ ಕೂಡಿ ಎಷ್ಟು ಅಂತ ಕೇಳಿ, ಕಾಗದದ ಮೇಲೆ ಬರೆದು ನೋಡಿ.

ಮನಸ್ಸು ತಡೆಯಲು ನನ್ನದೊಂದು ಉಪಾಯ. ಯಾವ ಸಾಮಾನಾದರೂ ಕಂಡ ದಿನ ಕೊಳ್ಳಬೇಡಿ. ಚೀಟಿಯಲ್ಲಿ ಬರೆದಿಡಿ, ಮುಂದಿನ ಸಂತೆಯವರೆಗೆ ತಡೆಯಿರಿ. ಒಂದು ವಾರ ಕಳೆದ ಮೇಲೂ ಬೇಕು ಅನ್ನಿಸಿದರೆ, ಖಾತೆಯಲ್ಲಿ ಅಷ್ಟು ಹಣ ಈಗಲೇ ಇದ್ದರೆ, ಕೊಳ್ಳಿ. ಅಷ್ಟರಲ್ಲಿ ಅರ್ಧಕ್ಕರ್ಧ ಸಾಮಾನು ಮನಸ್ಸಿನಿಂದಲೇ ಬಿದ್ದುಹೋಗಿರುತ್ತವೆ. ತಾಳಿದವನು ಬಾಳಿಯಾನು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಕಾರ್ಡು ಉಜ್ಜಿದ ದಿನವೇ ಅಷ್ಟು ಹಣವನ್ನು ಪಗಾರದ ಖಾತೆಯಿಂದ ತೆಗೆದು ಬೇರೆ ಖಾತೆಗೆ ಹಾಕಿಡುವ ರೂಢಿಯನ್ನೂ ಮಾಡಿಕೊಳ್ಳಿ. ಖರ್ಚು ಅವತ್ತೇ ಮೈಗೆ ತಾಗುತ್ತದೆ, ಬಿಲ್ಲು ಬಂದಾಗ ಹಣ ಕಾದಿರುತ್ತದೆ.

ಫೋನಿನಲ್ಲೂ ಸ್ವಲ್ಪ ಕೆಲಸ ಇದೆ. ಅಂಗಡಿ ಆ್ಯಪುಗಳಲ್ಲಿ ಉಳಿಸಿಟ್ಟ ಕಾರ್ಡನ್ನು ಇವತ್ತೇ ಅಳಿಸಿ. ಬ್ಯಾಂಕಿನ ಆ್ಯಪಿನಲ್ಲಿ ಆನ್‌ಲೈನ್ ಖರೀದಿ, ವಿದೇಶಿ ವ್ಯವಹಾರ, ತಾಗಿಸಿ ಪಾವತಿ ಮಾಡುವುದು, ಇವನ್ನೆಲ್ಲ ಬೇಡವಾದಾಗ ಬಂದ್ ಮಾಡುವ ಅವಕಾಶ ಇದೆ. 5,000 ರೂಪಾಯಿವರೆಗೆ ಪಿನ್ ಇಲ್ಲದೆಯೂ ತಾಗಿಸಿ ಪಾವತಿ ಆಗಿಬಿಡುತ್ತದೆ, ನೆನಪಿರಲಿ. ಬ್ಯಾಂಕು ಕೊಟ್ಟ ಮಿತಿ ಒಂದೂವರೆ ಲಕ್ಷ ಇರಲಿ, ನೀವು ಅದನ್ನು ನಿಮ್ಮ ಪಗಾರದ ಮೂರನೇ ಒಂದು ಪಾಲಿಗೆ ಇಳಿಸಿಕೊಳ್ಳಿ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡವರು ಇನ್ನೂ ಹುಷಾರಾಗಿರಬೇಕು. ಚಹಾ, ಮಿರ್ಚಿ, ಕಾಯಿಪಲ್ಲೆ ಎಲ್ಲ ಸ್ಕ್ಯಾನ್ ಮಾಡಿ ಉದ್ರಿಯಲ್ಲೇ ತಿನ್ನುವ ಹಾಗಾಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ, ಅದು ಸಾಲಕ್ಕೂ ಸಲ್ಲುವ ಮಾತು.

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಲೇಬೇಡಿ. ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ ಬೇರೆ. ಗೆಳೆಯನ ಮೊಬೈಲಿಗೆ, ಅತ್ತಿಗೆಯ ತಮ್ಮನ ಬೈಕಿಗೆ ನಿಮ್ಮ ಕಾರ್ಡಿನಲ್ಲಿ ಕಂತು ಹಾಕಿಸಿಕೊಡಬೇಡಿ. ಅವರು ಕಟ್ಟದಿದ್ದರೆ ಬ್ಯಾಂಕು ಕೇಳುವುದು ನಿಮ್ಮನ್ನು. 300ರಿಂದ 900ರವರೆಗಿನ ಸಿಬಿಲ್ ಅಂಕದಲ್ಲಿ ಕೆಳಗೆ ಬೀಳುವುದೂ ನಿಮ್ಮದು. ನಾಳೆ ಮನೆ ಸಾಲಕ್ಕೆ ಹೋದಾಗ ಅದು ಅಡ್ಡ ಬರುತ್ತದೆ. ನೆಂಟರ ಮದುವೆಯ ಆಯೇರಿಗೂ ಕಾರ್ಡು ಉಜ್ಜಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿದವರನ್ನು ಯಾವ ನೆಂಟರೂ ಆಡಿಕೊಳ್ಳುವುದಿಲ್ಲ. ಆಡಿಕೊಂಡರೂ ಬಡ್ಡಿಗಿಂತ ಅದು ಹಗುರ.

ನಿಮ್ಮ ಹಕ್ಕುಗಳೂ ಗೊತ್ತಿರಲಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ನೀವು ಕೇಳದೆ ಬ್ಯಾಂಕು ಕಾರ್ಡು ಕೊಡುವ ಹಾಗಿಲ್ಲ, ನೀವು ಒಪ್ಪದೆ ಮಿತಿ ಏರಿಸುವ ಹಾಗಿಲ್ಲ. ಬಾಕಿ ತೀರಿಸಿ ಕಾರ್ಡು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ದೂರು ಕೊಟ್ಟು ಮೂವತ್ತು ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448 ಅನ್ನುವ ಸಂಖ್ಯೆ ಇದೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಮೋಸ ಹೋದಿರಿ ಅನ್ನಿಸಿದ ಕ್ಷಣವೇ ಕಾರ್ಡು ಬಂದ್ ಮಾಡಿಸಿ 1930ಕ್ಕೆ ಫೋನು ಮಾಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಈಗಾಗಲೇ ಸಿಕ್ಕಿಕೊಂಡಿದ್ದರೆ? ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು, ಅದರ ಬಾಕಿಗೆ ಫೋನಿನಲ್ಲಿ ಸಾಲ ಕೊಡುವ ಆ್ಯಪು, ಹೀಗೆ ಹೋಗಬೇಡಿ. ಮೊದಲು ಕಾರ್ಡಿನಲ್ಲಿ ಹೊಸ ಖರ್ಚು ನಿಲ್ಲಿಸಿ. ಎಲ್ಲ ಬಾಕಿಯನ್ನೂ ಒಂದು ಹಾಳೆಯಲ್ಲಿ ಬರೆದು, ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ. ಬ್ಯಾಂಕಿಗೆ ಹೋಗಿ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಾಗಿ ಮಾಡಿಕೊಡಿ ಅಂತ ಕೇಳಿ, ಕೇಳಲು ಸಂಕೋಚ ಬೇಡ. ಮನೆಯಲ್ಲಿ ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅದರ ಮೇಲೆ ಸಿಗುವ ಸಾಲದ ಬಡ್ಡಿ ಕಾರ್ಡಿನದಕ್ಕಿಂತ ಎಷ್ಟೋ ಕಡಿಮೆ. ಆ ಹಣದಿಂದ ಕಾರ್ಡು ಪೂರ್ತಿ ತೀರಿಸಿ, ಆ ಸಾಲ ಮುಗಿಯುವವರೆಗೆ ಕಾರ್ಡನ್ನು ಅವ್ವನ ಕೈಗೆ ಕೊಟ್ಟುಬಿಡಿ. ಅಪ್ಪನ ಬೆಳೆ ಸಾಲದ ಹಣಕ್ಕೆ ಮಾತ್ರ ಕೈ ಹಾಕಬೇಡಿ, ಅದು ಬಿತ್ತನೆಯ ಹಣ.

ಎಲ್ಲಕ್ಕಿಂತ ಮುಖ್ಯ, ಮನೆಯವರಿಂದ ಮುಚ್ಚಿಡಬೇಡಿ. ನಮ್ಮ ಮಕ್ಕಳು ಸಾಲದ ಮೊತ್ತಕ್ಕಿಂತ ಅದನ್ನು ಮುಚ್ಚಿಡುವ ಚಿಂತೆಯಲ್ಲೇ ಸೊರಗುತ್ತಾರೆ. ವಸೂಲಿಯವರ ಫೋನು ಬಂದಾಗ ಹೊರಗೆ ಹೋಗಿ ಪಿಸುಪಿಸು ಮಾತಾಡುವ ಬದಲು ಇವತ್ತು ರಾತ್ರಿ ಊಟಕ್ಕೆ ಕೂತಾಗ ಇಷ್ಟು ಬಾಕಿ ಇದೆ ಅಂತ ಹೇಳಿಬಿಡಿ. ಅಪ್ಪ ಬೈಯುತ್ತಾರೆ, ಬೈಸಿಕೊಳ್ಳಿ. ಆಮೇಲೆ ಎಲ್ಲರೂ ಕೂಡಿ ಪೆನ್ನು ಹಾಳೆ ಹಿಡಿದು ಲೆಕ್ಕ ಹಾಕಿ.