ನೋವಿಗಿಂತ ಮುಂಚೆ ಮದ್ದು

ವಾಸಿಯಾಗದ ರೋಗಕ್ಕೆ ಇನ್ನು ಮಾಡತಕ್ಕದ್ದೇನೂ ಇಲ್ಲವೆಂದು ವೈದ್ಯರು ಹಿಂದೆಗೆದಾಗ ರೋಗಿಯ ಗತಿಯೇನು? ಈ ಪ್ರಶ್ನೆಗೆ ತಮ್ಮ ಜೀವಮಾನವನ್ನೇ ಮೀಸಲಿಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್.

1918ರಲ್ಲಿ ಜನಿಸಿದ ಈಕೆಯು ಮೊದಲು ದಾದಿಯಾದರು. ಬೆನ್ನುನೋವಿನ ದೆಸೆಯಿಂದ ಆ ಕೆಲಸವನ್ನು ಬಿಟ್ಟು, ಆಸ್ಪತ್ರೆಯಲ್ಲಿ ರೋಗಿಗಳ ಕಷ್ಟಸುಖ ವಿಚಾರಿಸುವ ಉದ್ಯೋಗವನ್ನು ಕೈಕೊಂಡರು. ಮರಣಾಸನ್ನರ ಯಾತನೆಯನ್ನು ಕಂಡು, ಮೂವತ್ತು ದಾಟಿದ ಮೇಲೆ ವೈದ್ಯವಿದ್ಯೆಯನ್ನು ಕಲಿಯತೊಡಗಿ, 1957ರಲ್ಲಿ ವೈದ್ಯೆಯಾದರು.

ಆಗ ರೋಗಿಯು ತಾಳಲಾರದೆ ಬೇಡಿದ ಮೇಲೆಯೇ ಮಾರ್ಫಿನ್ ಕೊಡುವ ರೂಢಿಯಿತ್ತು. ಚಟವಾದೀತೆಂಬ ಭಯವೂ ಇತ್ತು. 1958ರಿಂದ ಲಂಡನ್ನಿನ ಸೇಂಟ್ ಜೋಸೆಫ್ಸ್ ಧಾಮದಲ್ಲಿ ಈಕೆಯು ರೋಗಿಗಳ ಮಾತನ್ನು ಆಲಿಸಿ, ಬರೆದಿಟ್ಟು, ಪರಿಶೀಲಿಸಿದರು. ಹಿಂದಿನ ಮದ್ದಿನ ಬಲವು ಇಳಿಯುವ ಮೊದಲೇ, ಗೊತ್ತಾದ ಗಂಟೆಗಳಿಗೆ, ತಕ್ಕ ಪ್ರಮಾಣದಲ್ಲಿ ಕೊಟ್ಟರೆ ನೋವು ಹತೋಟಿಯಲ್ಲಿರುವುದೆಂದೂ, ರೋಗಿಯು ಎಚ್ಚರವಾಗಿದ್ದು ಮನೆಯವರೊಡನೆ ಮಾತಾಡಬಲ್ಲನೆಂದೂ ತೋರಿಸಿದರು. ದೇಹದ ವೇದನೆ, ಮನಸ್ಸಿನ ದುಗುಡ, ಸಂಸಾರದ ಚಿಂತೆ, ಆತ್ಮದ ಕಳವಳ, ಇವೆಲ್ಲವೂ ಕೂಡಿದ್ದೇ 'ಸಮಗ್ರ ನೋವು' ಎಂದು ಬೋಧಿಸಿದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಧಾಮವನ್ನು ತೆರೆದರು. 2005ರಲ್ಲಿ ಅಲ್ಲಿಯೇ ತೀರಿಕೊಂಡರು. ಈ ಉಪಶಮನ ಶುಶ್ರೂಷೆಯು ಅನೇಕ ದೇಶಗಳಿಗೆ ಹಬ್ಬಿತು. ನಮ್ಮ ಬೆಂಗಳೂರಿನ 'ಕರುಣಾಶ್ರಯ'ದಲ್ಲಿಯೂ ಇದೇ ಸೇವೆಯು ನಡೆಯುತ್ತಿರುತ್ತದೆ.

ನಮ್ಮ ಮನೆಗಳಲ್ಲಿ ರೋಗಿಯ ಆರೈಕೆಯು ಬಹುಮಟ್ಟಿಗೆ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ. ಆದಕಾರಣ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ನಾವು ಹೇಳುವುದಿಷ್ಟೇ: ಸಹಿಸುವುದೇ ಸದ್ಗುಣವೆಂದು ರೋಗಿಯ ಬಾಯಿ ಮುಚ್ಚಿಸಬೇಡಿರಿ. ಎಲ್ಲಿ, ಯಾವಾಗ, ಎಷ್ಟು ನೋಯುತ್ತದೆಂದು ಕೇಳಿ, ಬರೆದಿಟ್ಟು, ವೈದ್ಯರಿಗೆ ತಿಳಿಸಿರಿ. ರೋಗವು ವಾಸಿಯಾಗದಿದ್ದರೂ ನೋವನ್ನು ತಗ್ಗಿಸುವ ದಾರಿಯುಂಟು.