ದೀಪಗಳಲ್ಲಿ ಮೂಡುವ ಚಿತ್ರ: ರಂಗಬೆಳಕು ಮತ್ತು ಪಿಕ್ಸೆಲ್ ಮ್ಯಾಪಿಂಗ್

ನಾಟಕವನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗೆ ಬೆಳಕೆಂಬುದು ಕಂಸದೊಳಗಿನ ಒಂದು ರಂಗಸೂಚನೆ ಮಾತ್ರ. ‘ಬೆಳಕು ಮಂದವಾಗುತ್ತದೆ’, ‘ಕತ್ತಲೆ’ ಎಂಬ ಎರಡು ಮೂರು ಪದಗಳಲ್ಲಿ ಅದರ ಕೆಲಸ ಮುಗಿದುಹೋಗುತ್ತದೆ. ರಂಗದ ಮೇಲೆ ಹಾಗಲ್ಲ. ಅಲ್ಲಿ ಬೆಳಕು ಪಾತ್ರವನ್ನು ತೋರಿಸುತ್ತದೆ, ಮರೆಸುತ್ತದೆ, ಕೆಲವೊಮ್ಮೆ ತಾನೇ ಪಾತ್ರವಾಗುತ್ತದೆ. ಸ್ವಿಟ್ಜರ್‌ಲೆಂಡಿನ ಅಡಾಲ್ಫ್ ಆಪಿಯ (1862–1928) ಬಣ್ಣ ಬಳಿದ ಪರದೆಗಳ ಬದಲು ಚಲಿಸುವ ಬೆಳಕೇ ರಂಗಸ್ಥಳವನ್ನು ಕಟ್ಟಬೇಕೆಂದು ವಾದಿಸಿದ ಮೇಲೆ, ರಂಗಬೆಳಕನ್ನು ಕೇವಲ ಕಾಣುವ ಅನುಕೂಲವೆಂದು ತಿಳಿಯುವ ಕಾಲ ಹಿಂದೆ ಸರಿಯಿತು. ಬಂಗಾಳದ ತಾಪಸ್ ಸೇನ್ ಅವರು 1959ರಲ್ಲಿ ಉತ್ಪಲ ದತ್ತರ ‘ಅಂಗಾರ್’ ನಾಟಕಕ್ಕಾಗಿ ಕಲ್ಲಿದ್ದಲ ಗಣಿಯೊಳಗೆ ನೀರು ಏರಿಬರುವುದನ್ನು ಬೆಳಕಿನಿಂದಲೇ ತೋರಿಸಿದರು. ಅಲ್ಲಿ ವಿಡಿಯೊ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಇದ್ದುದು ದೀಪ ಮತ್ತು ನೀರಿನ ಚಲನೆಯನ್ನು ಬಲ್ಲ ಕಣ್ಣು.

ಇಂದು ಚಲಿಸುವ ಚಿತ್ರ ರಂಗಕ್ಕೆ ಎರಡು ದಾರಿಗಳಿಂದ ಬರುತ್ತದೆ. ಒಂದು, ಪ್ರೊಜೆಕ್ಟರ್ ಚಿತ್ರವನ್ನು ಪರದೆಯ ಮೇಲೋ ಗೋಡೆಯ ಮೇಲೋ ಚೆಲ್ಲುವುದು. ಜೆಕ್ ರಂಗವಿನ್ಯಾಸಕ ಜೋಸೆಫ್ ಸ್ವೊಬೊಡಾ ಮತ್ತು ನಿರ್ದೇಶಕ ಆಲ್ಫ್ರೆಡ್ ರಾಡೊಕ್ 1958ರ ಬ್ರಸೆಲ್ಸ್ ಪ್ರದರ್ಶನದಲ್ಲಿ ತೋರಿಸಿದ ‘ಲಾತೆರ್ನಾ ಮಾಗಿಕಾ’ ಈ ದಾರಿಯದು. ತೆರೆಯ ಮೇಲಿನ ಚಿತ್ರವೂ ಜೀವಂತ ನಟನೂ ಅಲ್ಲಿ ಜೊತೆಯಾಗಿ ಆಡಿದರು. ಎರಡನೆಯ ದಾರಿಯಲ್ಲಿ ಪರದೆಯೇ ಬೇಡ. ರಂಗದ ಹಿಂಬದಿಯಲ್ಲಿ, ಪಕ್ಕದಲ್ಲಿ ಅಥವಾ ಮೇಲೆ ಸಾಲಾಗಿ ಕಟ್ಟಿದ ಎಲ್‌ಇಡಿ ದೀಪಗಳೇ ಚಿತ್ರದ ಬಿಂದುಗಳಾಗುತ್ತವೆ. ಬೆಂಕಿಯ ವಿಡಿಯೊ ಓಡಿದರೆ ದೀಪಗಳ ಮೇಲೆ ಬೆಂಕಿಯ ಬಣ್ಣ ಮತ್ತು ನಡುಕ ಹರಿಯುತ್ತದೆ. ಈ ಎರಡನೆಯದನ್ನು ರಂಗದ ಜನ ಪಿಕ್ಸೆಲ್ ಮ್ಯಾಪಿಂಗ್ ಎನ್ನುತ್ತಾರೆ. ಪಿಕ್ಸೆಲ್‌ಗೆ ಚಿತ್ರಬಿಂದು ಎಂಬ ಕನ್ನಡ ಪದ ಹೊಂದುತ್ತದೆಯಾದರೂ ದೀಪ ಕಟ್ಟುವವರ ಬಾಯಲ್ಲಿರುವ ಪದವನ್ನೇ ಇಲ್ಲಿ ಉಳಿಸಿಕೊಳ್ಳಲಾಗಿದೆ.

ಇದು ಹೇಗೆ ನಡೆಯುತ್ತದೆಂದು ತಿಳಿಯಲು ಮೊದಲು ದೀಪಕ್ಕೂ ಕನ್ಸೋಲಿಗೂ ನಡುವೆ ಹರಿಯುವ ಭಾಷೆಯನ್ನು ತಿಳಿಯಬೇಕು. ಅದರ ಹೆಸರು ಡಿಎಂಎಕ್ಸ್ 512. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು 1986ರಲ್ಲಿ ಇದನ್ನು ರೂಪಿಸಿತು. ಒಂದು ತಂತಿಯಲ್ಲಿ 512 ಚಾನೆಲ್‌ಗಳು. ಪ್ರತಿ ಚಾನೆಲ್ಲಿನಲ್ಲಿ 0ಯಿಂದ 255ರ ವರೆಗಿನ ಒಂದು ಸಂಖ್ಯೆ. ಅದರ ಶಬ್ದಕೋಶ ಅಷ್ಟೇ. ಇಂಥ 512 ಮನೆಗಳ ಗುಂಪಿಗೆ ಈ ವೃತ್ತಿಯವರು ‘ಯೂನಿವರ್ಸ್’ ಎನ್ನುತ್ತಾರೆ. ಬ್ರಹ್ಮಾಂಡವನ್ನು 512ಕ್ಕೆ ನಿಲ್ಲಿಸಿದ ಈ ಧೈರ್ಯವನ್ನು ಭಾಷಾ ವಿದ್ಯಾರ್ಥಿಗಳು ಮೆಚ್ಚಬಹುದು.

ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಒಂದು ದೀಪಕ್ಕೆ ಮೂರು ಚಾನೆಲ್ ಬೇಕು. ಆದ್ದರಿಂದ ಒಂದು ಯೂನಿವರ್ಸಿನಲ್ಲಿ 170 ದೀಪಗಳು ಹಿಡಿಸುತ್ತವೆ, ಎರಡು ಚಾನೆಲ್ ಉಳಿಯುತ್ತವೆ. ಬಿಳಿಯನ್ನೋ ಅಂಬರನ್ನೋ ಸೇರಿಸಿದ ನಾಲ್ಕು ಬಣ್ಣದ ದೀಪವಾದರೆ 128 ಮಾತ್ರ. ಉದಾಹರಣೆಗೆ ಅಡ್ಡಕ್ಕೆ 16, ಎತ್ತರಕ್ಕೆ 9 ದೀಪಗಳ ಒಂದು ಗೋಡೆಯನ್ನು ಕಲ್ಪಿಸಿಕೊಳ್ಳೋಣ. ಒಟ್ಟು 144 ದೀಪ. ಮೂರು ಬಣ್ಣದವಾದರೆ 432 ಚಾನೆಲ್, ಒಂದೇ ತಂತಿಯಲ್ಲಿ ಮುಗಿಯುತ್ತದೆ. ನಾಲ್ಕು ಬಣ್ಣದವಾದರೆ 576, ಎರಡನೆಯ ಯೂನಿವರ್ಸ್ ಬೇಕು. ದೊಡ್ಡ ರಂಗಗಳಲ್ಲಿ ಇವು ಹತ್ತಾರಾಗುತ್ತವೆ. ಆಗ ಒಂದೊಂದಕ್ಕೂ ಒಂದು ತಂತಿ ಎಳೆಯದೆ, 1998ರಲ್ಲಿ ಬಂದ ಆರ್ಟ್‌ನೆಟ್‌ನಂಥ ಕ್ರಮದಲ್ಲಿ ಎಲ್ಲವನ್ನೂ ಕಂಪ್ಯೂಟರ್ ಜಾಲದ ತಂತಿಯಲ್ಲಿ ಕಳಿಸುತ್ತಾರೆ.

ಈಗ ಚಿತ್ರದ ಸರದಿ. ಸಾಮಾನ್ಯವಾದ ಪೂರ್ಣ ಎಚ್‌ಡಿ ವಿಡಿಯೊದ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 1920, ಎತ್ತರಕ್ಕೆ 1080 ಬಿಂದುಗಳಿರುತ್ತವೆ. ಅಂದರೆ ಇಪ್ಪತ್ತು ಲಕ್ಷಕ್ಕೂ ಮಿಗಿಲು. ಅದನ್ನು 144 ದೀಪಗಳಿಗೆ ಹಂಚಬೇಕು. ಆಪರೇಟರ್ ಕನ್ಸೋಲಿನ ತೆರೆಯ ಮೇಲೆ 16×9 ಮನೆಗಳ ಒಂದು ಚೌಕ ಬರೆದು, ಯಾವ ಮನೆ ಯಾವ ದೀಪ ಎಂದು ಗುರುತಿಸುತ್ತಾನೆ. ಚಿತ್ರವನ್ನು ಆ ಚೌಕದ ಮೇಲೆ ಹಾಸಿದಾಗ ಪ್ರತಿ ದೀಪದ ಪಾಲಿಗೆ 120×120 ಬಿಂದುಗಳ ಒಂದು ತುಂಡು, ಎಂದರೆ 14,400 ಬಿಂದುಗಳು ಬರುತ್ತವೆ. ಅವುಗಳ ಬಣ್ಣಗಳ ಸರಾಸರಿಯನ್ನು ತೆಗೆದು, ಮೂರು ಸಂಖ್ಯೆಗಳಾಗಿ ಆ ದೀಪಕ್ಕೆ ಕಳಿಸಿದರೆ ಆಯಿತು. ಮುಂದಿನ ಚೌಕಟ್ಟಿಗೆ ಮತ್ತೆ ಅದೇ ಲೆಕ್ಕ. ಪೂರ್ತಿ ತುಂಬಿದ ಡಿಎಂಎಕ್ಸ್ ತಂತಿ ಸೆಕೆಂಡಿಗೆ ಸುಮಾರು 44 ಬಾರಿ ಹೊಸ ಸಂಖ್ಯೆಗಳನ್ನು ಒಯ್ಯಬಲ್ಲದು. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೊಗೆ ಅಷ್ಟು ಸಾಕು. ಈಓಎಸ್, ಗ್ರ್ಯಾಂಡ್‌ಎಂಎ, ಮ್ಯಾಜಿಕ್‌ಕ್ಯೂ ಮೊದಲಾದ ಕನ್ಸೋಲ್‌ಗಳಲ್ಲಿ ಈ ಸೌಲಭ್ಯಕ್ಕೆ ಬೇರೆ ಬೇರೆ ಹೆಸರುಗಳಿವೆ, ತತ್ತ್ವ ಒಂದೇ.

ಚೌಕದೊಳಗಿನ ಸಂಖ್ಯೆಗಳು ಎಂದೊಡನೆ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಕುಮುದೇಂದು ಮುನಿಯ ‘ಸಿರಿಭೂವಲಯ’ ನೆನಪಾಗಬೇಕು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದದ್ದು ಅದರ ರಚನೆ. 27×27ರ ಚೌಕ, 729 ಮನೆಗಳು, ಪ್ರತಿ ಮನೆಯಲ್ಲಿ 1ರಿಂದ 64ರ ವರೆಗಿನ ಒಂದು ಅಂಕಿ. ಪ್ರತಿ ಅಂಕಿಗೆ ಒಂದು ಧ್ವನಿ. ಚೌಕವನ್ನು ಸುಮ್ಮನೆ ಸಾಲು ಸಾಲಾಗಿ ಓದಿದರೆ ಕಾವ್ಯ ದೊರೆಯುವುದಿಲ್ಲ. ಯಾವ ಮನೆಯಿಂದ ಯಾವ ಮನೆಗೆ ಸಾಗಬೇಕೆಂಬ ‘ಬಂಧ’ ತಿಳಿದಾಗ ಮಾತ್ರ ಅಂಕಿ ಅಕ್ಷರವಾಗುತ್ತದೆ. ಪಿಕ್ಸೆಲ್ ಮ್ಯಾಪಿಂಗಿನಲ್ಲಿ ಮ್ಯಾಪ್ ಎಂಬುದು ಈ ಬಂಧವೇ. ಕನ್ಸೋಲಿಗೆ ತಿಳಿದಿರುವುದು ಒಂದರ ಹಿಂದೊಂದು ಬರುವ 432 ಅಂಕಿಗಳು ಮಾತ್ರ. ಮೇಲು ಕೆಳಗು, ಎಡ ಬಲ ಎಂಬುದು ಬಂಧದಲ್ಲಿದೆ.

ಬಂಧ ತಪ್ಪಿದರೆ ಏನಾಗುತ್ತದೆಂಬುದಕ್ಕೆ ರಂಗದಲ್ಲಿ ಮೇಲಿಂದ ಮೇಲೆ ಕಾಣುವ ಒಂದು ನಿದರ್ಶನವಿದೆ. ದೀಪದ ಪಟ್ಟಿಗಳನ್ನು ಕಟ್ಟುವವರು ತಂತಿ ಉಳಿಸಲು ಮೊದಲ ಸಾಲನ್ನು ಎಡದಿಂದ ಬಲಕ್ಕೆ ಎಳೆದು, ಅಲ್ಲಿಂದಲೇ ತಿರುಗಿಸಿ ಎರಡನೆಯ ಸಾಲನ್ನು ಬಲದಿಂದ ಎಡಕ್ಕೆ ತರುತ್ತಾರೆ. ಹೊಲದಲ್ಲಿ ನೇಗಿಲು ತಿರುಗುವಂತೆ. ಕನ್ಸೋಲಿನ ಚೌಕದಲ್ಲಿ ಮಾತ್ರ ಎಲ್ಲ ಸಾಲುಗಳೂ ಎಡದಿಂದ ಬಲಕ್ಕೆ ಬರೆದಿದ್ದರೆ, ಒಂದು ಬಿಟ್ಟು ಒಂದು ಸಾಲು ಕನ್ನಡಿಯ ಪ್ರತಿಬಿಂಬದಂತೆ ತಿರುಚಿಕೊಳ್ಳುತ್ತದೆ. ನೇರವಾಗಿ ಏರಬೇಕಾದ ಜ್ವಾಲೆ ಹಲ್ಲುಹಲ್ಲಾಗಿ ಒಡೆಯುತ್ತದೆ. ಆಗ ದೋಷವನ್ನು ವಿಡಿಯೊದಲ್ಲಿ ಹುಡುಕುವುದು ವ್ಯರ್ಥ. ಒಂದು ಬಿಳಿ ಚುಕ್ಕೆಯನ್ನು ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ನಡೆಸಿ ನೋಡಿದರೆ ಎಲ್ಲಿ ದಾರಿ ತಪ್ಪಿತೆಂದು ಕೂಡಲೆ ತಿಳಿಯುತ್ತದೆ.

ಬಂಧ ಸರಿಯಿದ್ದರೂ ಚಿತ್ರದಲ್ಲಿ ಉಳಿಯುವುದೆಷ್ಟು ಎಂಬುದು ಮುಂದಿನ ಪ್ರಶ್ನೆ. ಮೂಲ ಚಿತ್ರದಲ್ಲಿ 240 ಬಿಂದುಗಳಷ್ಟು ಅಗಲದ ಮುಖವೊಂದಿದ್ದರೆ ದೀಪದ ಗೋಡೆಯಲ್ಲಿ ಅದಕ್ಕೆ ದೊರೆಯುವುದು ಎರಡು ದೀಪದ ಅಗಲ. ಕಣ್ಣಿಲ್ಲ, ಮೂಗಿಲ್ಲ, ಚರ್ಮದ ಬಣ್ಣದ ಒಂದು ಕಲೆ ಮಾತ್ರ. ಅಕ್ಷರಗಳ ಗತಿಯೂ ಅಷ್ಟೆ. ರೋಮನ್ ದೊಡ್ಡಕ್ಷರಗಳು 5×7 ಚುಕ್ಕೆಗಳಲ್ಲಿ ಹೇಗೋ ನಿಲ್ಲುತ್ತವೆ. ತಲೆಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ ಇರುವ ಕನ್ನಡ ಅಕ್ಷರಕ್ಕೆ ಒಂಬತ್ತು ಸಾಲು ಸಾಲದು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಚೌಕದ ಹಾಳೆಯಲ್ಲಿ ತುಂಬಿ ನೋಡಿದರೆ ಕಷ್ಟ ಅರ್ಥವಾಗುತ್ತದೆ. ನಾಟಕದ ಹೆಸರನ್ನು ದೀಪಗಳಲ್ಲಿ ಕನ್ನಡದಲ್ಲಿಯೇ ಮೂಡಿಸಬೇಕೆನ್ನುವ ತಂಡ ಮೊದಲು ಸಾಲುಗಳನ್ನು ಎಣಿಸಬೇಕು. ಸಾಲದಿದ್ದರೆ ರೋಮನ್ ಲಿಪಿಗೆ ಜಾರುವುದಕ್ಕಿಂತ ಬಟ್ಟೆಯ ಮೇಲೆ ಕನ್ನಡದಲ್ಲಿ ಬರೆದು ತೂಗುಹಾಕುವುದು ಮೇಲು.

ಆಕಾರ ಕಳೆದುಹೋದ ಮೇಲೂ ಉಳಿಯುವವು ಎರಡು: ಬಣ್ಣ ಮತ್ತು ಚಲನೆ. ಬೆಂಕಿ, ನೀರು, ಮೋಡ, ಗಾಳಿಗೆ ತೂಗುವ ಎಲೆಗಳ ನೆರಳು ಇವು ದೀಪದ ಗೋಡೆಯಲ್ಲಿ ಚೆನ್ನಾಗಿ ಬಾಳುವುದು ಇದರಿಂದಲೇ. ಇವುಗಳನ್ನು ಗುರುತಿಸಲು ಅಂಚು ಬೇಕಾಗಿಲ್ಲ, ನಡೆ ಸಾಕು. ತೊಗಲುಗೊಂಬೆಯಾಟದವರು ಇದನ್ನು ಬಲ್ಲರು. ಬಳ್ಳಾರಿ, ಅನಂತಪುರ ಸೀಮೆಗಳಲ್ಲಿ ಉಳಿದುಬಂದ ಆ ಕಲೆಯಲ್ಲಿ ಬಣ್ಣ ಹಾಕಿದ ತೆಳುವಾದ ತೊಗಲಿನ ಮೂಲಕ ಹಿಂದಿನ ದೀಪ ಹಾಯ್ದು ಬಿಳಿಯ ತೆರೆಯ ಮೇಲೆ ಚಿತ್ರವಾಗುತ್ತದೆ. ಗೊಂಬೆಯನ್ನು ತೆರೆಗೆ ಒತ್ತಿ ಹಿಡಿದರೆ ಗೆರೆ ಸ್ಪಷ್ಟ. ಹಿಂದಕ್ಕೆ ಸರಿಸಿದರೆ ಅಂಚು ಕರಗಿ ಬಣ್ಣದ ಮಬ್ಬು ಉಳಿಯುತ್ತದೆ.

ಆಪರೇಟರಿಗೆ ಇನ್ನೆರಡು ಸಂಗತಿ ತಿಳಿದಿರಬೇಕು. ವಿಡಿಯೊದಲ್ಲಿ ಕಪ್ಪು ಒಂದು ಬಣ್ಣ. ದೀಪದಲ್ಲಿ ಕಪ್ಪೆಂದರೆ ಸೊನ್ನೆ, ದೀಪ ಆರಿದೆ ಎಂದರ್ಥ. ಕತ್ತಲೆ ಹೆಚ್ಚಿರುವ ವಿಡಿಯೊ ಹಾಕಿದರೆ ರಂಗವೇ ಕತ್ತಲಾಗುತ್ತದೆ. ಮತ್ತೊಂದು, 255ರಲ್ಲಿ ಅರ್ಧವಾದ 128ನ್ನು ಕೊಟ್ಟರೆ ಕಣ್ಣಿಗೆ ಅರ್ಧ ಬೆಳಕು ಕಾಣುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚು ಕಾಣುತ್ತದೆ. ಮನುಷ್ಯನ ಕಣ್ಣು ಮಂದ ಬೆಳಕಿನ ವ್ಯತ್ಯಾಸಗಳನ್ನು ಚುರುಕಾಗಿ ಹಿಡಿಯುತ್ತದೆ. ಇದನ್ನು ಸರಿಪಡಿಸುವ ಡಿಮ್ಮರ್ ಕರ್ವ್ ಹಾಕದಿದ್ದರೆ ಗಾಢ ಬಣ್ಣಗಳೆಲ್ಲ ತೊಳೆದಂತೆ ಪೇಲವವಾಗುತ್ತವೆ.

ತಂತ್ರದ ಮಾತು ಇಷ್ಟು ಸಾಕು. ಸಾಹಿತ್ಯದ ವಿದ್ಯಾರ್ಥಿ ನಿಜವಾಗಿ ಚಿಂತಿಸಬೇಕಾದದ್ದು ಈ ಬೆಳಕು ನಟನಿಗೂ ಮಾತಿಗೂ ಮಾಡುವುದೇನು ಎಂಬುದನ್ನು. ಕಾಸರಗೋಡು ಸೀಮೆಯ ಯಕ್ಷಗಾನ, ಅಂದರೆ ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ಬೇರೂರಿದ ಬಯಲಾಟ, ಒಂದು ಕಾಲಕ್ಕೆ ದೀವಟಿಗೆಯ ಬೆಳಕಿನಲ್ಲಿ ನಡೆಯುತ್ತಿತ್ತು. ಬಣ್ಣದ ವೇಷ ಬರುವಾಗ ದೀವಟಿಗೆಗೆ ರಾಳದ ಹುಡಿ ಎರಚಿ ಭಗ್ಗನೆ ಬೆಂಕಿಯೆಬ್ಬಿಸುತ್ತಿದ್ದರು. ಆ ಮೇಲೆ ಗ್ಯಾಸ್‌ಲೈಟ್ ಬಂತು, ವಿದ್ಯುದ್ದೀಪ ಬಂತು. ಅರದಾಳದ ಹಳದಿ, ಇಂಗಳಿಕದ ಕೆಂಪು, ಕಾಡಿಗೆಯ ಕಪ್ಪು ಇವೆಲ್ಲ ಬೆಂಕಿಯ ಹಳದಿ ಬೆಳಕಿನಲ್ಲಿ ಅರಳುವಂತೆ ಆಯ್ಕೆಗೊಂಡ ಬಣ್ಣಗಳು. ಮೂರು ಬಣ್ಣದ ಎಲ್‌ಇಡಿಯಲ್ಲಿ ಹಳದಿಯೆಂಬುದು ಕೆಂಪು ಹಸಿರುಗಳ ಬೆರಕೆ. ಕಣ್ಣನ್ನು ಅದು ನಂಬಿಸುತ್ತದೆ, ಮುಖವರ್ಣಿಕೆಯ ಬಣ್ಣವನ್ನು ನಂಬಿಸುವುದಿಲ್ಲ. ಶುದ್ಧ ನೀಲಿ ಬಿದ್ದರಂತೂ ಕೆಂಪು ಕಪ್ಪಾಗುತ್ತದೆ. ಸಮುದ್ರದ ವಿಡಿಯೊ ಓಡುತ್ತಿರುವ ದೀಪಗಳನ್ನು ಮುಂದಿನಿಂದ ವೇಷದ ಮೇಲೆ ಬೀರಿದರೆ ಗಂಟೆಗಟ್ಟಲೆ ಕುಳಿತು ಬರೆದ ಮುಖ ಒಂದು ಕ್ಷಣದಲ್ಲಿ ಅಳಿಸಿಹೋಗುತ್ತದೆ. ಚಿತ್ರದ ದೀಪಗಳು ಹಿಂದೆಯೋ ಪಕ್ಕದಲ್ಲೋ ಇರಲಿ, ಮುಖಕ್ಕೆ ಬೇರೆಯೇ ಬೆಚ್ಚನೆಯ ಬಿಳಿ ಬೆಳಕಿರಲಿ ಎಂಬುದು ಇಲ್ಲಿ ಮೀರಬಾರದ ಕಟ್ಟಳೆ.

ಅದೇ ಸೀಮೆಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬೆಳಕಿನ ವಿನ್ಯಾಸವೂ ಇಲ್ಲ. ಕುಳಿತ ಅರ್ಥಧಾರಿಯ ಮಾತಿನಿಂದಲೇ ಅರಣ್ಯ, ಅರಮನೆ, ರಣರಂಗ ಎದ್ದುನಿಲ್ಲುತ್ತವೆ. ಮಾತು ಚಿತ್ರವನ್ನು ಕಟ್ಟಿ ಮುಗಿಸಿದ ಮೇಲೆ ದೀಪವೂ ಅದೇ ಚಿತ್ರವನ್ನು ಕಟ್ಟತೊಡಗಿದರೆ ಅದು ಪುನರುಕ್ತಿ. ಇನ್ನೂ ಕೆಟ್ಟದ್ದೆಂದರೆ, ಚಲಿಸುವುದನ್ನು ಹಿಂಬಾಲಿಸುವುದು ಕಣ್ಣಿನ ಸ್ವಭಾವವಾದ್ದರಿಂದ ಪ್ರೇಕ್ಷಕನ ಗಮನ ನಟನನ್ನು ಬಿಟ್ಟು ಹಿಂದಿನ ಗೋಡೆಗೆ ಹೋಗುತ್ತದೆ. ಆನಂದವರ್ಧನನ ಪರಿಭಾಷೆಯಲ್ಲಿ ಹೇಳುವುದಾದರೆ ವಾಚ್ಯ ಮಾತಿನ ಪಾಲಿಗಿರಲಿ, ವ್ಯಂಗ್ಯಕ್ಕೆ ದೀಪ ನೆರವಾಗಲಿ. ಆಕಾರ ಕಳೆದುಕೊಂಡು ಬಣ್ಣ ಮತ್ತು ನಡೆಯಾಗಿ ಮಾತ್ರ ಉಳಿದ ಚಿತ್ರ ಇದಕ್ಕೆ ಹೇಳಿಮಾಡಿಸಿದಂತಿದೆ. 144 ದೀಪಗಳ ಬಡತನ ಇಲ್ಲಿ ವರವಾಗುತ್ತದೆ. ಲಕ್ಷಾಂತರ ಬಿಂದುಗಳ ಎಲ್‌ಇಡಿ ಪರದೆಗೆ ಈ ಸಂಯಮ ಸುಲಭವಲ್ಲ.

ರನ್ನನ ‘ಗದಾಯುದ್ಧ’ವನ್ನು ತೆಗೆದುಕೊಳ್ಳಬಹುದು. ಬಿ.ಎಂ.ಶ್ರೀ. ಅದನ್ನು ನಾಟಕವಾಗಿ ರೂಪಿಸಿದ್ದರಿಂದ ರಂಗಪ್ರಯೋಗದ ಲೆಕ್ಕಕ್ಕೆ ಇದು ಕೈಗೆಟುಕುವ ಪಠ್ಯ. ವೈಶಂಪಾಯನ ಸರೋವರದಲ್ಲಿ ಅಡಗಿರುವ ದುರ್ಯೋಧನ ದಡದಿಂದ ಭೀಮನ ಗರ್ಜನೆ ಕೇಳಿ, ನೀರೊಳಗಿದ್ದೂ ರೋಷದಿಂದ ಬೆವರುವ ಸಂದರ್ಭ. ಹಿಂದಿನ ಗೋಡೆಯಲ್ಲಿ ಸರೋವರದ ವಿಡಿಯೊ ಹಾಕುವುದು ಮೊದಲು ಹೊಳೆಯುವ ಉಪಾಯ, ತಳ್ಳಿಹಾಕಬೇಕಾದ ಉಪಾಯವೂ ಅದೇ. ಸರೋವರವಿದೆಯೆಂದು ಕವಿಯೇ ಹೇಳಿದ್ದಾನೆ. ಅವನ ಮಾತಿನ ಶಕ್ತಿಯಿರುವುದು ತಂಪು ಮತ್ತು ಉರಿಯ ವಿರೋಧದಲ್ಲಿ. ಹಾಗಾದರೆ ಒಂಬತ್ತು ಸಾಲುಗಳಲ್ಲೂ ಹಸಿರು ಬೆರೆತ ನೀಲಿಯ ನಿಧಾನವಾದ ಅಲೆಯಿರಲಿ. ವಿಡಿಯೊದ ವೇಗವನ್ನು ಕಾಲು ಭಾಗಕ್ಕಿಳಿಸಿದರೆ ಅದು ನಿಂತ ನೀರಿನ ಉಸಿರಾಟದಂತಾಗುತ್ತದೆ. ಭೀಮನ ಮೊದಲ ಕೂಗಿಗೆ ಏನೂ ಬದಲಾಗದಿರಲಿ. ಎರಡನೆಯದಕ್ಕೆ ಅತಿ ಕೆಳಗಿನ ಸಾಲಿನಲ್ಲಿ ಮಾತ್ರ, ದುರ್ಯೋಧನನ ಬೆನ್ನಿನ ನೇರಕ್ಕಿರುವ ಎರಡು ಮೂರು ದೀಪಗಳಲ್ಲಿ ಕೆಂಪು ಒಸರಲಿ. ಅಲೆಯ ಚಲನೆ ನಿಲ್ಲದೆ ಆ ಕೆಂಪು ಮೇಲಿನ ಸಾಲುಗಳಿಗೆ ಏರಲಿ. ನೀರು ನೀರಾಗಿಯೇ ಇದ್ದು ಒಳಗಿನಿಂದ ಕಾಯುತ್ತದೆ. ನಟನ ಮುಖದ ಬೆಳಕಿನಲ್ಲಿ ಕಿಂಚಿತ್ತೂ ವ್ಯತ್ಯಾಸವಾಗಬಾರದು. ಬೆವರು ಅವನ ಸಾತ್ತ್ವಿಕಾಭಿನಯಕ್ಕೆ ಸೇರಿದ್ದು, ದೀಪಕ್ಕಲ್ಲ.

ಕನ್ಸೋಲ್ ಇಲ್ಲದ ಕಾಲೇಜಿನಲ್ಲೂ ಇದರ ಅಭ್ಯಾಸ ಸಾಧ್ಯ. ಮ್ಯಾಜಿಕ್‌ಕ್ಯೂ, ಗ್ರ್ಯಾಂಡ್‌ಎಂಎ ಮುಂತಾದವುಗಳ ತಂತ್ರಾಂಶ ಕಂಪ್ಯೂಟರಿಗೆ ಉಚಿತವಾಗಿ ದೊರೆಯುತ್ತದೆ. ಅದೂ ಇಲ್ಲದಿದ್ದರೆ ಲೆಕ್ಕದ ಚೌಕದ ಹಾಳೆಯಲ್ಲಿ 16×9 ಮನೆಗಳನ್ನು ಗುರುತಿಸಿ, ಒಂದೊಂದು ಮನೆಗೂ ಒಂದೇ ಬಣ್ಣ ತುಂಬಬೇಕು. ಮೇಲಿನ ಸರೋವರದ ಸಂದರ್ಭಕ್ಕೆ ಇಂಥ ಐದು ಹಾಳೆಗಳು ಬೇಕಾಗುತ್ತವೆ: ಕೂಗಿಗೆ ಮೊದಲು, ಮೊದಲ ಕೂಗು, ಎರಡನೆಯ ಕೂಗು, ಕೆಂಪು ಅರ್ಧ ಏರಿದಾಗ, ದುರ್ಯೋಧನ ಮೇಲೆದ್ದು ನಿಂತಾಗ. ಐದನೆಯ ಹಾಳೆಯ ಬಣ್ಣ ಯಾವುದಿರಬೇಕೆಂಬುದನ್ನು ಕಾವ್ಯದ ಆ ಭಾಗವನ್ನು ಮತ್ತೊಮ್ಮೆ ಓದಿದ ಮೇಲೆಯೇ ತೀರ್ಮಾನಿಸತಕ್ಕದ್ದು.