ಮೂತ್ರಕೋಶದ ಕ್ಯಾನ್ಸರ್: ಚಿಕಿತ್ಸೆಯ ಫಲವನ್ನು ಮೂತ್ರವೇ ತಿಳಿಸಬಲ್ಲದೇ?

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಿಯಲ್ಲಿಡುವುದಷ್ಟೇ ಅಲ್ಲ. ಮನೆಯಲ್ಲಿಯೂ ಹೊಲದಲ್ಲಿಯೂ ದುಡಿಯುವ ಪತಿಪತ್ನಿಯರಿಬ್ಬರೂ ಆರೋಗ್ಯವಂತರಾಗಿದ್ದರೆ ಮಾತ್ರ ಸಂಸಾರವು ನೆಮ್ಮದಿಯಿಂದ ಸಾಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟ ಕಾರಣ ಉಲ್ಬಣಿಸುವ ರೋಗಗಳಲ್ಲಿ ಮೂತ್ರಕೋಶದ ಕ್ಯಾನ್ಸರ್ ಒಂದು. ಅದರ ಚಿಹ್ನೆ, ಚಿಕಿತ್ಸೆ ಹಾಗೂ ಚಿಕಿತ್ಸೆಯ ಫಲವನ್ನು ಮೂತ್ರಪರೀಕ್ಷೆಯಿಂದ ಮುಂಚಿತವಾಗಿ ಅರಿಯುವ ಪ್ರಯತ್ನಗಳನ್ನು ಈ ಪಾಠದಲ್ಲಿ ತಿಳಿಯೋಣ.

ರೋಗದ ಪರಿಚಯ

ಮೂತ್ರಪಿಂಡಗಳು ರಕ್ತವನ್ನು ಶೋಧಿಸಿ ಹೊರಹಾಕಿದ ಮೂತ್ರವು ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶವೆಂಬ ಚೀಲದಲ್ಲಿ ಸಂಗ್ರಹವಾಗುತ್ತದೆ. ಈ ಚೀಲದ ಒಳಪದರದ ಜೀವಕಣಗಳು ಅಂಕೆ ಮೀರಿ ಬೆಳೆಯುವುದೇ ಮೂತ್ರಕೋಶದ ಕ್ಯಾನ್ಸರ್. ಇದು ಸ್ತ್ರೀಯರಿಗಿಂತ ಪುರುಷರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಐವತ್ತು ವರ್ಷ ದಾಟಿದವರಲ್ಲಿ ವಿಶೇಷವಾಗಿ ಕಾಣಿಸುತ್ತದೆ.

ಇದರ ಪ್ರಮುಖ ಕಾರಣ ಬೀಡಿ, ಸಿಗರೇಟುಗಳ ಹೊಗೆ. ಹೊಗೆಯ ವಿಷವಸ್ತುಗಳು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಸೇರಿ, ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಲ್ಲುತ್ತವೆ. ಬಣ್ಣದ ಕಾರ್ಖಾನೆಗಳ ಕೆಲವು ರಾಸಾಯನಿಕಗಳೂ ಕಾರಣವಾಗುತ್ತವೆ; ಇದನ್ನು ಜರ್ಮನಿಯ ವೈದ್ಯ ಲುಡ್ವಿಗ್ ರೆನ್ ೧೮೯೫ರಲ್ಲಿಯೇ ಗುರುತಿಸಿದ್ದನು. ಈ ರೋಗವು ಸ್ಪರ್ಶದಿಂದಾಗಲಿ, ದಾಂಪತ್ಯ ಸಂಬಂಧದಿಂದಾಗಲಿ ಅಂಟುವುದಿಲ್ಲ.

ಎಚ್ಚರಿಕೆಯ ಚಿಹ್ನೆ

ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದೇ ಮುಖ್ಯ ಚಿಹ್ನೆ. ಮೂತ್ರವು ಕೆಂಪಾಗಿಯೋ ಚಹಾದ ಬಣ್ಣದ್ದಾಗಿಯೋ ಕಾಣಬಹುದು. ಒಂದೆರಡು ದಿನ ಕಂಡು ತಾನಾಗಿಯೇ ನಿಲ್ಲಲೂಬಹುದು. "ಉಷ್ಣವಾಗಿದೆ" ಎಂದು ಮಜ್ಜಿಗೆ, ಎಳನೀರು ಕುಡಿದು ಸುಮ್ಮನಾಗುವುದು ಇಲ್ಲಿಯೇ. ರಕ್ತ ನಿಂತಿತೆಂದರೆ ರೋಗ ಹೋಯಿತೆಂದಲ್ಲ. ಸ್ತ್ರೀಯರು ಇದನ್ನು ಮುಟ್ಟಿನ ರಕ್ತವೆಂದು ಭಾವಿಸುವ ಸಂಭವವುಂಟು. ಮುಟ್ಟು ನಿಂತ ಮೇಲೆ ಇಂತಹ ರಕ್ತ ಕಂಡರೆ ಎಂದಿಗೂ ಉಪೇಕ್ಷಿಸಬಾರದು. ಮೂತ್ರದಲ್ಲಿ ಕಾಣುವ ರಕ್ತವೆಲ್ಲ ಕ್ಯಾನ್ಸರ್ ಅಲ್ಲ. ಕಲ್ಲು, ಸೋಂಕುಗಳಿಂದಲೂ ಬರಬಹುದು. ಆದರೆ ಯಾವುದೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಬಿಸಿಜಿ ಚಿಕಿತ್ಸೆ

ವೈದ್ಯರು ಮೂತ್ರದ್ವಾರದ ಮೂಲಕ ದೀಪವುಳ್ಳ ಸಣ್ಣ ನಳಿಕೆಯನ್ನು ತೂರಿಸಿ ಮೂತ್ರಕೋಶದ ಒಳಭಾಗವನ್ನು ನೋಡುತ್ತಾರೆ. ಗಡ್ಡೆಯಿದ್ದಲ್ಲಿ ಅದೇ ಮಾರ್ಗದಿಂದ ಅದನ್ನು ಕೆತ್ತಿ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಗಡ್ಡೆಯು ಸ್ನಾಯುವಿಗೆ ಇಳಿಯದಿದ್ದರೂ ಮರುಕಳಿಸುವ ಅಪಾಯ ಹೆಚ್ಚಾಗಿದ್ದರೆ ಬಿಸಿಜಿ ಔಷಧವನ್ನು ಕೊಡುತ್ತಾರೆ.

ನವಜಾತ ಶಿಶುವಿಗೆ ಕ್ಷಯರೋಗ ಬಾರದಿರಲೆಂದು ಹಾಕಿಸುವ ಬಿಸಿಜಿ ಲಸಿಕೆಯನ್ನು ನೀವು ಬಲ್ಲಿರಿ. ಅದರಲ್ಲಿರುವ ದುರ್ಬಲಗೊಳಿಸಿದ ಜೀವಂತ ಸೂಕ್ಷ್ಮಾಣುಗಳೇ ಇಲ್ಲಿಯೂ ಔಷಧವಾಗುತ್ತವೆ. ೧೯೭೬ರಲ್ಲಿ ಕೆನಡಾದ ವೈದ್ಯ ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ಒಂಬತ್ತು ರೋಗಿಗಳ ಮೂತ್ರಕೋಶಕ್ಕೆ ಬಿಸಿಜಿ ಸೇರಿಸಿ ಪಡೆದ ಫಲವನ್ನು ಪ್ರಕಟಿಸಿದರು. ಇಂದು ಸಾಮಾನ್ಯವಾಗಿ ವಾರಕ್ಕೊಮ್ಮೆ, ಆರು ವಾರ, ನಳಿಕೆಯ ಮೂಲಕ ಔಷಧವನ್ನು ಸೇರಿಸಿ ಎರಡು ಗಂಟೆಯವರೆಗೆ ತಡೆದಿಡಲು ಹೇಳುತ್ತಾರೆ. ಬಳಿಕ ಒಂದರಿಂದ ಮೂರು ವರ್ಷ ಆಗಾಗ್ಗೆ ಮುಂದುವರಿಸುತ್ತಾರೆ. ಬಿಸಿಜಿಯು ಶರೀರದ ರಕ್ಷಣಾ ಕಣಗಳನ್ನು ಎಚ್ಚರಿಸಿ ಅಲ್ಲಿಗೆ ಕರೆತರುತ್ತದೆ. ಅವು ಕ್ಯಾನ್ಸರ್ ಕಣಗಳನ್ನು ನಾಶಮಾಡುತ್ತವೆ. ಇದನ್ನೇ ರೋಗನಿರೋಧಕ ಶಕ್ತಿಯ ಚಿಕಿತ್ಸೆ ಎನ್ನುವರು.

ಮೂತ್ರವು ನೀಡುವ ಸುಳಿವು

ಬಿಸಿಜಿ ಎಲ್ಲರಿಗೂ ಸಮನಾಗಿ ಫಲಿಸುವುದಿಲ್ಲ. ಫಲಿಸದವರಿಗೆ ಅದನ್ನೇ ಮುಂದುವರಿಸುತ್ತ ಕಾಲ ಕಳೆದರೆ ರೋಗವು ಆಳಕ್ಕಿಳಿಯಬಹುದು; ಆಗ ಮೂತ್ರಕೋಶವನ್ನಷ್ಟೇ ಅಲ್ಲ, ಪ್ರಾಣವನ್ನೂ ಕಳೆದುಕೊಳ್ಳುವ ಭಯವಿದೆ. ಆದುದರಿಂದ ಫಲವನ್ನು ಬೇಗನೆ ತಿಳಿಯುವುದು ಅವಶ್ಯ. ಕೊಟ್ಟೂರು ಸೀಮೆಯ ರೈತನು ಶೇಂಗಾ ಬಿತ್ತುವ ಮುನ್ನ ಹಿಡಿಯಷ್ಟು ಬೀಜವನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಷ್ಟೆಂದು ನೋಡಿದರೆ, ಇಡೀ ಹೊಲ ಹಾಳಾಗುವುದು ತಪ್ಪುತ್ತದೆ. ಮೂತ್ರಪರೀಕ್ಷೆಯ ಉದ್ದೇಶವೂ ಇಂತಹದೇ.

ಔಷಧವೂ ಗಡ್ಡೆಯೂ ರಕ್ಷಣಾ ಕಣಗಳೂ ಮೂತ್ರಕೋಶದೊಳಗೇ ಇರುವುದರಿಂದ ಅಲ್ಲಿ ನಡೆಯುವ ಹೋರಾಟದ ಗುರುತುಗಳು ಮೂತ್ರದಲ್ಲಿ ಬೆರೆತಿರುತ್ತವೆ. ಅವು ಮುಖ್ಯವಾಗಿ ಮೂರು ವಿಧ:

೧. ಉದುರಿದ ಕಣಗಳು. ಮೂತ್ರದಲ್ಲಿರುವ ಕ್ಯಾನ್ಸರ್ ಕಣಗಳನ್ನು ಸೂಕ್ಷ್ಮದರ್ಶಕದಿಂದ ಗುರುತಿಸುವ ಕ್ರಮವನ್ನು ಪಾಪನಿಕೊಲಾವ್ ಮತ್ತು ಮಾರ್ಷಲ್ ೧೯೪೫ರಲ್ಲಿ ವಿವರಿಸಿದರು. ಕಣದೊಳಗಿನ ವರ್ಣತಂತುಗಳ ದೋಷವನ್ನು ತೋರಿಸುವ ಪರೀಕ್ಷೆಯೂ ಈಗ ಇದೆ. ಬಿಸಿಜಿ ಮುಗಿದ ಮೇಲೂ ಆ ದೋಷ ಉಳಿದಿದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚು.

೨. ಸೈಟೋಕೈನುಗಳು. ಇವು ರಕ್ಷಣಾ ಕಣಗಳು ಪರಸ್ಪರ ಕಳುಹಿಸುವ ಕರೆಯೋಲೆಗಳಂತಹ ವಸ್ತುಗಳು. ೨೦೧೬ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಡಾ. ಆಶೀಶ್ ಕಾಮತ್ ಮತ್ತು ಸಂಗಡಿಗರು ಮೂತ್ರದಲ್ಲಿ ಇಂತಹ ಒಂಬತ್ತು ವಸ್ತುಗಳ ಏರಿಳಿತವನ್ನು ಅಳೆದು, ರೋಗ ಮರುಕಳಿಸುವುದೋ ಇಲ್ಲವೋ ಎಂಬುದನ್ನು ನೂರಕ್ಕೆ ಸುಮಾರು ೮೫ರಷ್ಟು ಸರಿಯಾಗಿ ಊಹಿಸಬಹುದೆಂದು ತೋರಿಸಿದರು.

೩. ಡಿಎನ್‌ಎ ತುಣುಕುಗಳು. ಗಡ್ಡೆಯಿಂದ ಕಳಚಿದ ಇವು ಚಿಕಿತ್ಸೆಯ ಬಳಿಕವೂ ಮೂತ್ರದಲ್ಲಿ ಸಿಕ್ಕಿದರೆ ರೋಗವು ಉಳಿದಿರುವ ಶಂಕೆಯುಂಟು.

ಫಲಿಸದಿರುವ ಸುಳಿವು ಬೇಗ ಸಿಕ್ಕರೆ, ಬೇರೆ ಔಷಧ ಅಥವಾ ಮೂತ್ರಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಸಕಾಲದಲ್ಲಿ ನಿರ್ಧರಿಸಬಹುದು. ಆದರೆ ಸೈಟೋಕೈನ್ ಮತ್ತು ಡಿಎನ್‌ಎ ಪರೀಕ್ಷೆಗಳು ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲಿಯೇ ಇವೆ. ಅವು ನಳಿಕೆಯ ಪರೀಕ್ಷೆಗೆ ಬದಲಿಯಲ್ಲ. ಮೊದಲ ಎರಡು ವರ್ಷ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ನಡೆಯುವ ಆ ಪರೀಕ್ಷೆಯನ್ನು ಸುಗ್ಗಿ, ಜಾತ್ರೆಗಳ ನೆವದಿಂದ ತಪ್ಪಿಸಬಾರದು.

ದಂಪತಿಗಳು ಪಾಲಿಸಬೇಕಾದ ನಿಯಮಗಳು

• ಔಷಧ ಹಾಕಿಸಿಕೊಂಡ ದಿನ ಆರು ಗಂಟೆಯವರೆಗೆ ಕುಳಿತೇ ಶೌಚಾಲಯದಲ್ಲಿ ಮೂತ್ರ ವಿಸರ್ಜಿಸಿರಿ. ಪ್ರತಿ ಸಲವೂ ಆಸ್ಪತ್ರೆಯಲ್ಲಿ ತಿಳಿಸಿದಂತೆ ಬ್ಲೀಚಿಂಗ್ ದ್ರಾವಣ ಸುರಿದು, ಹದಿನೈದು ನಿಮಿಷದ ನಂತರ ನೀರು ಹಾಕಿರಿ. ಬಯಲಿನಲ್ಲಿ ವಿಸರ್ಜಿಸಬೇಡಿರಿ.
• ಪ್ರತಿ ಸಲದ ಔಷಧದ ನಂತರ ಒಂದು ವಾರ ನಿರೋಧ್ ಬಳಸದೆ ಕೂಡಬಾರದು.
• ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಹಾಲೂಡಿಸುತ್ತಿದ್ದರೆ ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿರಿ.
• ೧೦೧ ಡಿಗ್ರಿ ಮೀರಿದ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ತೋರಿಸಿರಿ.
• ಪತಿಯು ಬೀಡಿಯನ್ನು ಇಂದೇ ಬಿಡಲಿ. ಪತ್ನಿಯು ಪರೀಕ್ಷೆಯ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಡಲಿ. ರೋಗಿ ಪತ್ನಿಯಾಗಿದ್ದರೆ ಆ ಹೊಣೆ ಪತಿಯದು.

ಎಲ್ಲಿಗೆ ಹೋಗಬೇಕು?

ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಮೂತ್ರಪರೀಕ್ಷೆ ಮಾಡಿಸಿರಿ. ವೈದ್ಯರು ಸೂಚಿಸಿದರೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಅಥವಾ ೧೯೭೩ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆಗೆ ಹೋಗಿರಿ. ಹೋಗುವಾಗ ಪಡಿತರ ಚೀಟಿ, ಆಧಾರ್ ಮತ್ತು ಹಳೆಯ ವರದಿಗಳನ್ನು ಒಯ್ಯಿರಿ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ.

ಪ್ರಶ್ನೆಗಳು

೧. ಮೂತ್ರದಲ್ಲಿ ಕಂಡ ರಕ್ತವು ತಾನಾಗಿ ನಿಂತರೂ ವೈದ್ಯರ ಬಳಿಗೆ ಏಕೆ ಹೋಗಬೇಕು?
೨. ಬಿಸಿಜಿಯ ಫಲವನ್ನು ಬೇಗನೆ ತಿಳಿಯುವುದರಿಂದ ಆಗುವ ಪ್ರಯೋಜನವೇನು?
೩. ಚಿಕಿತ್ಸೆಯ ಕಾಲದಲ್ಲಿ ಪತಿಪತ್ನಿಯರು ಪಾಲಿಸಬೇಕಾದ ನಿಯಮಗಳಾವುವು?

ಈ ಪ್ರಶ್ನೆಗಳಿಗೆ ಇಬ್ಬರೂ ಕೂಡಿ ಉತ್ತರಿಸಿರಿ. ಬಳಿಕ ಈ ಪುಸ್ತಿಕೆಯನ್ನು ನೆರೆಮನೆಯವರಿಗೂ ಓದಲು ಕೊಡಿರಿ.